ಟೋಕಿಯೊದಲ್ಲಿ ಒಂದು ರಾತ್ರಿ: ಅಮನ್‌ಗೋ, ಹೊಶಿನೋಯಾಗೋ?

ಈ ಎರಡು ಐಷಾರಾಮಿ ಹೋಟೆಲುಗಳೂ ನಗರದ ಓಟೆಮಾಚಿ ಪ್ರದೇಶದಲ್ಲೇ ಇವೆ. ಎರಡರಲ್ಲೂ 84 ಕೋಣೆ. ಬಾಡಿಗೆ ಎರಡು ಕಡೆಯೂ ಕೈ ಸುಡುತ್ತದೆ ಬಿಡಿ.

2014ರಲ್ಲಿ ತೆರೆದ ಅಮನ್ ಇರುವುದು ಎತ್ತರದ ಟವರ್ ಒಂದರ ತುದಿಯ ಮಹಡಿಗಳಲ್ಲಿ. ದೊಡ್ಡ ಕೋಣೆ, 30 ಮೀಟರ್ ಈಜುಕೊಳ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಫ್ಯೂಜಿ ಬೆಟ್ಟ.

ಹೊಶಿನೋಯಾ (2016) ಬೇರೆಯೇ ಲೋಕ. 17 ಮಹಡಿಯ ಈ ಜಪಾನಿ ಸಂಪ್ರದಾಯದ ವಸತಿಗೃಹ, ಅಂದರೆ ರ‍್ಯೋಕಾನ್‌ನಲ್ಲಿ ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ನಮ್ಮ ಮನೆಯ ಹಾಗೆಯೇ ಅಲ್ವಾ! ಲಿಫ್ಟಿನೊಳಗೂ ತತಾಮಿ ಚಾಪೆ. ಮೇಲಿನ ಮಹಡಿಯ ಸ್ನಾನದ ಕೊಳಕ್ಕೆ 1,500 ಮೀಟರ್ ಆಳದಿಂದ ಬಿಸಿ ಉಪ್ಪುನೀರು ಬರುತ್ತದೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಜಾಗ, ಆದರೆ ಮೈಮೇಲೆ ಬಟ್ಟೆ ಇರುವಂತಿಲ್ಲ. ಸಂಕೋಚ ಜಾಸ್ತಿಯಿದ್ದರೆ ಅಮನ್‌ನ ಕೋಣೆಯೊಳಗಿನ ಆಳದ ತೊಟ್ಟಿಯೇ ವಾಸಿ.

ನಾನಂತೂ ಹೊಶಿನೋಯಾ ಅನ್ನುತ್ತೇನೆ. ಸಸ್ಯಾಹಾರಿಗಳು ಮಾತ್ರ ಬುಕ್ ಮಾಡುವಾಗಲೇ ಹೇಳಿಡಿ. ಜಪಾನಿನಲ್ಲಿ ತರಕಾರಿ ಸಾರಿಗೂ ಹೆಚ್ಚಾಗಿ ದಾಶಿ, ಅಂದರೆ ಒಣಮೀನು ಕುದಿಸಿದ ರಸ ಹಾಕುತ್ತಾರೆ.