‘ಮೆಟ್ರೋಗೆ 10 ನಿಮಿಷ’ ಅಂದ ಸೈಟು ನೋಡಿ ಬಂದೆ

ಕನಕಪುರ ರಸ್ತೆಯಲ್ಲಿ ಕಗ್ಗಲೀಪುರದ ಕಡೆ ಒಂದು ಲೇಔಟ್. ಮಾರುವವರ ಹೆಸರು ಬೇಡ. ಐದಕ್ಕೆ ಎರಡು ಸ್ಟಾರ್ ಕೊಡುತ್ತೇನೆ, ಅದರಲ್ಲಿ ಒಂದು ಅವರು ಕೊಡಿಸಿದ ತಟ್ಟೆ ಇಡ್ಲಿಗೆ.

ಭಾನುವಾರ ಬೆಳಗ್ಗೆ 7ಕ್ಕೆ ಅವರೇ ಕಾರು ಕಳಿಸಿದರು. ರೇಷ್ಮೆ ಸಂಸ್ಥೆ ಸ್ಟೇಷನ್ ದಾಟಿ ನಿಜವಾಗಿಯೂ 10 ನಿಮಿಷಕ್ಕೆ ತಲುಪಿದೆವು. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ಇಲ್ಲಿವರೆಗೆ ಮೆಟ್ರೋ ಬಂದ ಮೇಲೆ ಈ ರಸ್ತೆಯ ಬ್ರೋಕರ್‌ಗಳು ಮೊದಲು ಸ್ಟೇಷನ್ ಹೆಸರು ಹೇಳುತ್ತಾರೆ, ಆಮೇಲೆ ಸೈಟಿನ ಅಳತೆ. ತಪ್ಪೇನಿಲ್ಲ ಬಿಡಿ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿದರೆ ವೈಟ್‌ಫೀಲ್ಡ್, ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಬೊಮ್ಮಸಂದ್ರ. ಆದರೆ ಸ್ವಂತ ಗಾಡಿ ಇಲ್ಲದವರು ಮನೆಯಿಂದ ಸ್ಟೇಷನ್‌ಗೆ ಹೋಗೋದು ಹೇಗೆ?

ಮಂಗಳವಾರ ಸಂಜೆ ಆರೂವರೆಗೆ ಸ್ಟೇಷನ್‌ನಿಂದ ಸೈಟಿಗೆ ನಾನೊಬ್ಬನೇ ಹೋದೆ. ಇಬ್ಬರು ಆಟೋದವರು ಬರಲ್ಲ ಅಂದರು, ಮೂರನೆಯವರು ಖಾಲಿ ವಾಪಸ್ ಬರುವ ಬಾಡಿಗೆಯನ್ನೂ ಸೇರಿಸಿ ಕೇಳಿದರು. 40 ನಿಮಿಷ ಹಿಡಿಯಿತು. ಅದನ್ನಾದರೂ ಸಹಿಸಬಹುದು. ಲೇಔಟ್ ಒಳಗೆ 30 ಅಡಿ ರಸ್ತೆ ಇದೆ, ಚೆನ್ನಾಗಿದೆ, ಆದರೆ ಟಾರು ರಸ್ತೆಯಿಂದ ಅಲ್ಲಿಗೆ ಹೋಗುವ ದಾರಿ 12 ಅಡಿ ಇದ್ದರೆ ಹೆಚ್ಚು, ಎರಡೂ ಕಡೆ ಬೇರೆಯವರ ತೋಟದ ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂತು, ಆಟೋ ಅಷ್ಟು ದೂರ ರಿವರ್ಸ್ ಹೋಗಬೇಕಾಯಿತು. ನಾಳೆ ಮನೆ ಕಟ್ಟುವಾಗ ಜಲ್ಲಿ ಲಾರಿ ಬಂದರೆ? ಟಾರು ರಸ್ತೆಯಲ್ಲೇ ಇಳಿಸಿ ಸಣ್ಣ ಗಾಡಿಯಲ್ಲಿ ಹೊಡೆಸಬೇಕು, ಆ ಕೂಲಿಯೂ ಸೈಟಿನ ರೇಟಿಗೇ ಸೇರಿತು.

‘ಆ ದಾರಿ ಯಾರದು?’ ಅಂತ ಫೋನ್‌ನಲ್ಲಿ ಕೇಳಿದೆ. ‘ಎಲ್ಲರೂ ಓಡಾಡ್ತಾರೆ ಸಾರ್.’ ಓಡಾಡೋದು ಬೇರೆ, ಹಕ್ಕು ಬೇರೆ ಅಲ್ವಾ? ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಅಂತ ಗುರುತಿದ್ದರೆ ಧೈರ್ಯ. ಇಲ್ಲದಿದ್ದರೆ ತೋಟದವರು ಮನಸ್ಸು ಬದಲಿಸಿದ ದಿನ ಕೋರ್ಟಿಗೆ ಅಲೆಯಬೇಕು. 1882ರ ಈಸ್‌ಮೆಂಟ್ (ಬೇರೆಯವರ ಜಮೀನಿನಲ್ಲಿ ದಾರಿಯಂಥ ಹಕ್ಕು) ಕಾಯ್ದೆಯಲ್ಲಿ 20 ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಓಡಾಡಿದ ದಾರಿಗೆ ರಕ್ಷಣೆ ಇದೆ ನಿಜ, ಆದರೆ ಲೇಔಟೇ ಹೊಸದು, 20 ವರ್ಷದ ಲೆಕ್ಕ ನಾನೆಲ್ಲಿಂದ ತರಲಿ? ನಕಾಶೆಯ ಪ್ರತಿ ಕೇಳಿ ಮೂರು ವಾರ ಆಯಿತು. ವಾಟ್ಸಾಪ್‌ನಲ್ಲಿ ದಿನಾ ಗುಡ್ ಮಾರ್ನಿಂಗ್ ಮಾತ್ರ ಬರುತ್ತಿದೆ.

ಅದೇ ಊರಲ್ಲಿ ಟಾರು ರಸ್ತೆಗೆ ತಾಗಿದ ಒಂದು ಸೈಟಿಗೆ ಚದರಡಿಗೆ 900 ರೂಪಾಯಿ ಜಾಸ್ತಿ ಹೇಳಿದ್ದಾರೆ. ಮೊದಲು ಕೇಳಿದಾಗ ಸುಮ್ನೆ ದುಡ್ಡು ಕೀಳುತ್ತಿದ್ದಾರೆ ಅಂದುಕೊಂಡಿದ್ದೆ. ಈ ವಾರ ಅದನ್ನು ನೋಡಲು ಹೋಗುತ್ತಿದ್ದೇನೆ, ಸಂಜೆ ಹೊತ್ತಲ್ಲಿ, ಬಸ್ಸಿನಲ್ಲಿ.