ತಾರಸಿಯಿಂದ ವೃಶ್ಚಿಕದ ಬಾಲ: ಸೀಸ್ಟಾರ್ ಎಸ್50 ಎಷ್ಟಕ್ಕೆ ಸಾಕು?

ವೃಶ್ಚಿಕದ ಕೊಂಡಿಯ ಪಕ್ಕದಲ್ಲಿರುವ ಎಂ7 ತಾರಾಗುಚ್ಛದ ಫೋಟೊಗೆಂದೇ ಸೀಸ್ಟಾರ್ ಎಸ್50 (ಮೊಬೈಲ್ ಆಪ್‌ನಿಂದ ನಡೆಸುವ, ಕ್ಯಾಮೆರಾ ಒಳಗೇ ಇರುವ ಪುಟ್ಟ ದೂರದರ್ಶಕ) ಕೊಳ್ಳುವುದಾದರೆ ಬೇಡ. ಅದರ ನೆರೆಯ ಗುಚ್ಛ ಎಂ6ಗಾದರೆ ಧಾರಾಳವಾಗಿ ಕೊಳ್ಳಿ.

50 ಮಿ.ಮೀ. ವ್ಯಾಸದ ಲೆನ್ಸು, 250 ಮಿ.ಮೀ. ಫೋಕಲ್ ಲೆಂತ್. ಒಂದು ಚೌಕಟ್ಟಿನಲ್ಲಿ ಸಿಗುವ ಆಕಾಶ 1.29 × 0.73 ಡಿಗ್ರಿ. ಎಂ7 ಹರಡಿರುವುದೇ ಸುಮಾರು 1.3 ಡಿಗ್ರಿ, ಹಾಗಾಗಿ ಅಂಚಿನ ನಕ್ಷತ್ರಗಳು ಹೊರಗುಳಿಯುತ್ತವೆ. ಅಕ್ಕಪಕ್ಕದ ಚೌಕಟ್ಟುಗಳನ್ನು ಜೋಡಿಸುವ ಆಪ್‌ನ ಮೊಸಾಯಿಕ್‌ನಲ್ಲಿ ಪೂರ್ತಿ ಸಿಗುತ್ತದೆ, ಸಮಯ ಮಾತ್ರ ಕನಿಷ್ಠ ದುಪ್ಪಟ್ಟು. ಇದೇ ಕಂಪನಿಯ ಚಿಕ್ಕ ಎಸ್30ರ ಚೌಕಟ್ಟು 2.1 × 1.2 ಡಿಗ್ರಿ. ಎಂ7ಗೆ ಅದೇ ಮೇಲು.

ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಇರುವುದು ಕೇವಲ 13 ಡಿಗ್ರಿ ಎತ್ತರದಲ್ಲಿ, ಅಂದರೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಆಕಾಶದ ತಿರುಗುವಿಕೆಯನ್ನು ಹಿಂಬಾಲಿಸಲು ಹಲವು ದೂರದರ್ಶಕಗಳನ್ನು ಅದರತ್ತ ಹೊಂದಿಸಬೇಕು, ಈ ಯಂತ್ರಕ್ಕೆ ಮಾತ್ರ ಅದು ಕಾಣಲೇಬೇಕೆಂದಿಲ್ಲ. ಆಲ್ಟ್-ಅಜ್ ಮೋಡ್‌ನಲ್ಲಿ (ಮೇಲೆ-ಕೆಳಗೆ, ಎಡ-ಬಲ ಮಾತ್ರ ತಿರುಗಿ ನಕ್ಷತ್ರವನ್ನು ಹಿಂಬಾಲಿಸುವುದು) ಆಪ್‌ನ ಲೆವೆಲ್ ನೋಡಿ ಟ್ರೈಪಾಡ್ ಸಮ ಮಾಡಿದರೆ ಸಾಕು. ನಗರವಾಸಿಗೆ ಇದು ದೊಡ್ಡ ಉಪಕಾರ. ಯಂತ್ರದ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಇಡುವ ಈಕ್ಯೂ ಮೋಡ್‌ಗಾದರೆ ನಮ್ಮ ಅಕ್ಷಾಂಶದಲ್ಲಿ ಯಂತ್ರವನ್ನು 77 ಡಿಗ್ರಿ ವಾಲಿಸಬೇಕು, ಹೆಚ್ಚುಕಡಿಮೆ ಮಲಗಿಸಿದಂತೆ. ಹಗುರ ಟ್ರೈಪಾಡ್ ಮಗುಚುತ್ತದೆ.

ಆಲ್ಟ್-ಅಜ್‌ಗೂ ಬೆಲೆಯಿದೆ. ಎಂ7 ದಕ್ಷಿಣದಲ್ಲಿ 42 ಡಿಗ್ರಿ ಏರಿದಾಗ ಚಿತ್ರ ಗಂಟೆಗೆ ಸುಮಾರು 20 ಡಿಗ್ರಿ ತಿರುಗುತ್ತದೆ. 20 ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ಮೂಲೆಯ ನಕ್ಷತ್ರ 2 ಪಿಕ್ಸೆಲ್ ಎಳೆದುಕೊಳ್ಳುತ್ತದೆ. 10 ಸೆಕೆಂಡಿನಲ್ಲಿ ಒಂದೇ. ಗುಚ್ಛದ ನಕ್ಷತ್ರಗಳು ಪ್ರಖರವಾಗಿಯೇ ಇರುವುದರಿಂದ 10 ಸೆಕೆಂಡೇ ಇಟ್ಟು, 180 ಫ್ರೇಮ್, ಅಂದರೆ ಅರ್ಧ ಗಂಟೆಯ ಬೆಳಕು ಕೂಡಿಸಿ. ತಿರುಗಿದ ಫ್ರೇಮ್‌ಗಳು ಒಂದರ ಮೇಲೊಂದು ಕೂರುವಾಗ ಅಂಚು ಹಾಳಾಗುತ್ತದೆ, ಕತ್ತರಿಸಲು ಜಾಗ ಬಿಟ್ಟುಕೊಳ್ಳಿ. ಎಂ6 ಅರ್ಧ ಡಿಗ್ರಿಗಿಂತ ಚಿಕ್ಕದು, ಕತ್ತರಿಸಿದ ಮೇಲೂ ಇಡಿಯಾಗಿ ಉಳಿಯುತ್ತದೆ.

ಒಳಗಿರುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಆಫ್ ಇರಲಿ. ಬೀದಿ ದೀಪದ ಬೆಳಕು ತಡೆಯುತ್ತದೆಂದು ಹಲವರು ಹಾಕುತ್ತಾರೆ. ಅದು ನೀಹಾರಿಕೆಯ ಹೈಡ್ರೋಜನ್, ಆಕ್ಸಿಜನ್ ಬೆಳಕಿಗಾಗಿ ಇರುವುದು. ನಕ್ಷತ್ರಗಳು ಎಲ್ಲ ಬಣ್ಣದಲ್ಲೂ ಬೆಳಗುತ್ತವೆ. ಫಿಲ್ಟರ್ ಹಾಕಿದರೆ ಎಂ6ರ ನೀಲಿ ಚುಕ್ಕೆಗಳ ನಡುವಿನ ಆ ಒಂದೇ ಕಿತ್ತಳೆ ನಕ್ಷತ್ರ, ಬಿಎಂ ಸ್ಕಾರ್ಪಿಯೈ, ತನ್ನ ಬಣ್ಣವನ್ನೇ ಕಳೆದುಕೊಳ್ಳುತ್ತದೆ. ಫೋಟೊದ ಜೀವವೇ ಅದು!

ಜೂನ್‌ನಲ್ಲಿ ಗುಚ್ಛಗಳು ನಡುರಾತ್ರಿಯ ಹೊತ್ತಿಗೆ ಗರಿಷ್ಠ ಎತ್ತರಕ್ಕೆ ಏರುತ್ತವೆ, ಆದರೆ ಮುಂಗಾರಿನ ಮೋಡ. ಏಪ್ರಿಲ್ ಮಧ್ಯದ ನಸುಕಿನ ನಾಲ್ಕೂವರೆಯೇ ಒಳ್ಳೆಯ ಹೊತ್ತು. ಜೊತೆಗೆ ಬರುವ ಟ್ರೈಪಾಡ್ ಗಿಡ್ಡ, ಪ್ಯಾರಪೆಟ್ ಗೋಡೆ ಅಡ್ಡ ಬರುತ್ತದೆ; ಗೋಡೆಯಿಂದ ಒಂದೆರಡು ಮೀಟರ್ ಹಿಂದಕ್ಕೆ ಇಡಿ. ಶುರು ಮಾಡುವ ಮೊದಲೇ ಬಿಡಿ ಫ್ರೇಮ್ ಉಳಿಸುವ ಸೆಟ್ಟಿಂಗ್ ಆನ್ ಮಾಡಿ. ನಗರದ ಬೆಳಕಿನ ಇಳಿಜಾರನ್ನು (ಚಿತ್ರದ ಒಂದು ಬದಿ ಹೆಚ್ಚು ಬೆಳಗಿರುವುದನ್ನು) ಸಿರಿಲ್ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶದಲ್ಲಿ ತೆಗೆಯುವಾಗ ಮಸುಕಾದ ಫ್ರೇಮ್‌ಗಳನ್ನು ಹೆಕ್ಕಿ ಎಸೆಯಲು ಅವು ಬೇಕೇ ಬೇಕು.