ಸ್ಪೇರ್ ಪಾರ್ಟ್ಸ್ ಅಂಗಡಿಯ ಬಿನ್, ಮಕ್ಕಳ ಆಟದ ಕೋಣೆಯ ಗೋಡೆಗೆ

ಗ್ಯಾರೇಜುಗಳಲ್ಲಿ, ಬಿಡಿಭಾಗದ ಅಂಗಡಿಗಳಲ್ಲಿ ನಟ್ಟು-ಬೋಲ್ಟು ತುಂಬಿಡಲು ಗೋಡೆಗೆ ಒಂದು ತಗಡಿನ ಹಲಗೆ ಹೊಡೆದಿರುತ್ತಾರೆ. ಅದರ ಅಡ್ಡ ಪಟ್ಟಿಗಳಿಗೆ ನೀಲಿ, ಹಳದಿ ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ನೇತುಬಿದ್ದಿರುತ್ತವೆ. ಹಲಗೆಗೆ ಲೂವರ್ ಪ್ಯಾನೆಲ್ ಎನ್ನುತ್ತಾರೆ, ಡಬ್ಬಿಗೆ ಬಿನ್. ಆಟಿಕೆ ಇಡಲು ಮಕ್ಕಳ ಪೀಠೋಪಕರಣವೆಂದು ಮಾರುವ ಬಹಳಷ್ಟು ಸಾಮಾನಿಗಿಂತ ಇದು ಗಟ್ಟಿ, ಬಳಕೆಗೂ ಸಲೀಸು. ಆದರೆ ಗೋಡೆಗೆ ಸರಿಯಾಗಿ ಕೂರಿಸಿದರೆ ಮಾತ್ರ.

ಇದು ಮಕ್ಕಳಿಗೆ ಹೊಂದುವುದಕ್ಕೆ ಬಿನ್ನಿನ ಆಕಾರವೇ ಕಾರಣ. ಮುಂದಿನ ಅಂಚು ತಗ್ಗಾಗಿರುವುದರಿಂದ ಒಳಗೇನಿದೆ ಎಂದು ನಿಂತಲ್ಲಿಂದಲೇ ಕಾಣುತ್ತದೆ. ಆಳವಾದ ಪೆಟ್ಟಿಗೆಯಾದರೆ ತಳದಲ್ಲಿರುವ ಒಂದು ಕಾರಿಗಾಗಿ ಮಗು ಇಡೀ ಪೆಟ್ಟಿಗೆಯನ್ನು ನೆಲಕ್ಕೆ ಸುರಿಯುತ್ತದೆ. ಇಲ್ಲಿ ಬೇಕಾದ ಬಿನ್ನನ್ನೇ ಮೇಲಕ್ಕೆತ್ತಿ ಬಿಡಿಸಿಕೊಂಡು, ಚಾಪೆಯ ಮೇಲಿಟ್ಟು ಆಡಬಹುದು. ಮರಳಿ ಪಟ್ಟಿಗೆ ಸಿಕ್ಕಿಸುವುದು ಮೂರು ವರ್ಷದ ಮಗುವಿಗೆ ಕಷ್ಟ. ಸರಿಯಾಗಿ ಕೂರದ ಬಿನ್ ಕಾಲ ಮೇಲೆ ಬೀಳುತ್ತದೆ. ಐದರ ಆಸುಪಾಸಿನವರೆಗೆ ಆ ಕೆಲಸ ದೊಡ್ಡವರದ್ದೇ.

ಎರಡಡಿ ಎತ್ತರ, ಒಂದೂವರೆ ಅಡಿ ಅಗಲದ ಪ್ಯಾನೆಲ್ಲಿಗೆ ಸುಮಾರು 14 ಸೆಂ.ಮೀ. ಅಗಲದ ಬಿನ್ ಸಾಲಿಗೆ ಮೂರರಂತೆ ಮೂರು ಸಾಲು, ಒಟ್ಟು ಒಂಬತ್ತು ಸಾಕು. ಇನ್ನೊಂದು ಸಾಲು ತುರುಕಿದರೆ ಕೈ ಹಾಕಲು ಜಾಗ ಉಳಿಯದು. ಪ್ಯಾನೆಲ್ ಮತ್ತು ಬಿನ್ ಒಂದೇ ತಯಾರಕರದ್ದಾಗಿರಲಿ; ಪಟ್ಟಿಯ ಅಂತರವೂ ಬಿನ್ನಿನ ಬೆನ್ನಿಗಿರುವ ಕೊಕ್ಕೆಯ ದಪ್ಪವೂ ಒಬ್ಬೊಬ್ಬರದ್ದು ಒಂದೊಂದು. ಕೊಳ್ಳುವ ಮುಂಚೆ ಒಂದು ತುಣುಕು ಹತ್ತಿಯನ್ನು ತಗಡಿನ ನಾಲ್ಕೂ ಅಂಚು, ಪಟ್ಟಿಗಳ ಮೇಲೆ ಎಳೆದು ನೋಡಿ. ಎಳೆ ಸಿಕ್ಕಿಕೊಂಡ ಕಡೆ ಮಗುವಿನ ಬೆರಳೂ ಕೊಯ್ಯುತ್ತದೆ. ಅಂಚು ಹಿಂದಕ್ಕೆ ಮಡಿಚಿರುವ ಪ್ಯಾನೆಲ್ಲನ್ನೇ ಆರಿಸಿ, ಮೂಲೆಗಳಿಗೆ ರಬ್ಬರ್ ಗಾರ್ಡ್ ಅಂಟಿಸಿ.

ಇನ್ನು ಗೋಡೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಬಿನ್ನಿಗೆ ಎರಡೂವರೆ ಕೆ.ಜಿ.ಯಂತೆ ಒಂಬತ್ತಕ್ಕೆ ಸುಮಾರು 22 ಕೆ.ಜಿ. ಈ ಭಾರದ ಬಹುಪಾಲು ಕೆಳಮುಖವಾಗಿರುತ್ತದೆ, ಅದನ್ನು ಸ್ಕ್ರೂ ಸುಲಭವಾಗಿ ಹೊರುತ್ತದೆ. ಗೋಡೆಯಿಂದ 12 ಸೆಂ.ಮೀ. ಮುಂದಿರುವ ಈ ಭಾರ, 60 ಸೆಂ.ಮೀ. ಎತ್ತರದ ಪ್ಯಾನೆಲ್ಲಿನ ಮೇಲಿನ ಸ್ಕ್ರೂಗಳನ್ನು ಹೊರಗೆಳೆಯುವುದು ನಾಲ್ಕೂವರೆ ಕೆ.ಜಿ.ಯಷ್ಟು ಮಾತ್ರ. 15 ಕೆ.ಜಿ.ಯ ಮಗು ಮೇಲಿನ ಬಿನ್ನಿನ ತುದಿ ಹಿಡಿದು ಜೋತುಬಿದ್ದರೆ ಇನ್ನೊಂದು ಆರು ಕೆ.ಜಿ. ಸೇರುತ್ತದೆ, ಜಗ್ಗಿ ಎಳೆದರೆ ಅದರ ಹಲವು ಪಟ್ಟು. ಸ್ಕ್ರೂ ಹಿಡಿದುಕೊಳ್ಳಲು ಗೋಡೆಯ ತೂತಿಗೆ ತೂರಿಸುವ ಪ್ಲಗ್ ಇಟ್ಟಿಗೆಯಲ್ಲಿ ಕೂತಿದ್ದರೆ ತಡೆದುಕೊಳ್ಳುತ್ತದೆ. ಒಳಗೋಡೆಯ ಗಾರೆಯೇ 12ರಿಂದ 15 ಮಿ.ಮೀ. ಇರುವಾಗ 30 ಮಿ.ಮೀ. ಪ್ಲಗ್ ಹಾಕಿದರೆ ಅರ್ಧದಷ್ಟು ಗಾರೆಯಲ್ಲೇ ಉಳಿಯುತ್ತದೆ. ಜಗ್ಗಿದಾಗ ಗಾರೆಯ ಚಕ್ಕೆಯ ಸಮೇತ ಕಿತ್ತು ಬರುವುದು ಇದೇ. ಇಟ್ಟಿಗೆ, ಗಟ್ಟಿ ಸಿಮೆಂಟ್ ಬ್ಲಾಕಿಗೆ 8 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ ನೈಲಾನ್ ಪ್ಲಗ್ ಹಾಕಿ, ಅದಕ್ಕೆ ತಕ್ಕ ಸ್ಕ್ರೂ, ವಾಷರ್ ಬಳಸಿ. ನಾಲ್ಕಿಂಚಿನ ಗೋಡೆಯಾದರೆ 60 ಮಿ.ಮೀ.ಗಿಂತ ಆಳಕ್ಕೆ ಹೋಗಬೇಡಿ.

ಹೊಸ ಅಪಾರ್ಟ್‌ಮೆಂಟುಗಳ ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರವಾದ ಎಎಸಿ ಸಿಮೆಂಟ್ ಬ್ಲಾಕಿಗೆ ಡ್ರಿಲ್ಲಿನ ಹ್ಯಾಮರ್ (ಕುಟ್ಟುತ್ತಾ ಕೊರೆಯುವ ವ್ಯವಸ್ಥೆ) ಆಫ್ ಮಾಡಿಯೇ ಕೊರೆಯಬೇಕು; ಇಲ್ಲದಿದ್ದರೆ ತೂತು ಅಗಲವಾಗಿ ಪ್ಲಗ್ ಗಿರಗಿರ ತಿರುಗುತ್ತದೆ. ಅಲ್ಲಿ 80 ಮಿ.ಮೀ. ಉದ್ದದ ಪ್ಲಗ್ ಬೇಕು. ಕರಾವಳಿಯ ಮುರಕಲ್ಲಿನ ಗೋಡೆಗೂ ಹ್ಯಾಮರ್ ಬೇಡ. ಬಿಟ್ ಸರ್ರನೆ ಒಳಗಿಳಿದರೆ ಅಲ್ಲಿ ಕಲ್ಲು ಮೆದು ಎಂದರ್ಥ, ಎರಡಿಂಚು ಸರಿದು ಕೊರೆಯಿರಿ. ಆ ಕಡೆಯ ಮಳೆಗಾಲಕ್ಕೆ ಸ್ಟೇನ್‌ಲೆಸ್ ಸ್ಕ್ರೂವೇ ಸರಿ. ಅದೇ ಕಾರಣಕ್ಕೆ ಮರದ ನಾರು ಒತ್ತಿ ಮಾಡಿದ, ತೂತುಗಳಿರುವ ಎಂಡಿಎಫ್ ಹಲಗೆಗಿಂತ ಈ ತಗಡು ಅಲ್ಲಿಗೆ ಮೇಲು. ತೇವ ಕುಡಿದ ಎಂಡಿಎಫ್ ಊದಿಕೊಳ್ಳುತ್ತದೆ. ಡಿಸ್ಟೆಂಪರ್ ಗೋಡೆಗೆ ಅಂಟಿಸುವ ಹುಕ್ಕುಗಳ ಯೋಚನೆಯೇ ಬೇಡ, ಬಣ್ಣದ ಪದರವೇ ಕಳಚಿ ಬರುತ್ತದೆ.

ಸ್ವಿಚ್‌ಬೋರ್ಡಿನ ನೇರ ಮೇಲೆ-ಕೆಳಗೆ ಕೊರೆಯಬಾರದು, ಒಳಗೆ ವೈರಿನ ಪೈಪಿರುತ್ತದೆ. ಬಚ್ಚಲಿಗೆ ಹೊಂದಿದ ಗೋಡೆಯನ್ನೂ ಬಿಟ್ಟುಬಿಡಿ. ಮೊದಲು ಒಂದೇ ತೂತು ಕೊರೆದು ಪ್ಯಾನೆಲ್ ಸಡಿಲವಾಗಿ ಸಿಕ್ಕಿಸಿ, ರಸಮಟ್ಟ ಇಟ್ಟು ನೋಡಿ, ಆಮೇಲೆ ಉಳಿದ ಮೂರನ್ನು ಗುರುತಿಸಿ. ತೂತು ಪ್ಲಗ್ಗಿಗಿಂತ 10 ಮಿ.ಮೀ. ಆಳವಿರಲಿ, ಪುಡಿಯೆಲ್ಲ ಊದಿ ತೆಗೆಯಿರಿ. ಗೋಡೆ ಅಂಕುಡೊಂಕಾಗಿದ್ದರೆ ಸ್ಕ್ರೂ ಬಿಗಿದಂತೆ ತಗಡು ತಿರುಚಿಕೊಂಡು ಬಿನ್ ಕೂರುವುದಿಲ್ಲ. ತಗ್ಗಿರುವ ಮೂಲೆಯ ಹಿಂದೆ ಒಂದೆರಡು ವಾಷರ್ ಕೊಡಿ. ನೆಲದಿಂದ ಕೆಳಅಂಚು 35 ಸೆಂ.ಮೀ., ಮೇಲಂಚು 95 ಸೆಂ.ಮೀ. ಇದ್ದರೆ ಮೂರರಿಂದ ಆರು ವರ್ಷದವರಿಗೆ ಕೈಗೆಟುಕುತ್ತದೆ, ಹತ್ತುವ ಆಸೆ ಹುಟ್ಟುವುದಿಲ್ಲ.

ಭಾರದ ಮರದ ಬ್ಲಾಕು ಕೆಳಸಾಲಿಗೆ, ಬಟ್ಟೆಯ ಗೊಂಬೆ ಮೇಲಿನ ಸಾಲಿಗೆ. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಗುಂಡಿ ಬ್ಯಾಟರಿಯ ಆಟಿಕೆ, ಮಣಿ, ಚಿಕ್ಕ ತುಣುಕುಗಳು ಈ ತೆರೆದ ಬಿನ್ನಿಗೆ ಬರಲೇಬಾರದು, ಬೀಗವಿರುವ ಕಪಾಟಿಗೆ ಹೋಗಲಿ. ಚನ್ನಪಟ್ಟಣದ ಬೊಂಬೆಗಳಿಗೆ ಬೇರೆಯೇ ಒಂದು ಬಿನ್ ಕೊಡಿ. ಲೋಹದ ಕಾರುಗಳ ಜೊತೆ ಉಜ್ಜಿದರೆ ಅರಗಿನ ಹೊಳಪು ಚಕ್ಕೆಯೇಳುತ್ತದೆ. ಬಿನ್ನನ್ನು ಸೋಪುನೀರಲ್ಲಿ ತೊಳೆಯಬಹುದು, ಆದರೆ ಈ ಬೊಂಬೆಗಳಿಗೆ ಸ್ಯಾನಿಟೈಸರ್ ಮುಟ್ಟಿಸಬೇಡಿ. ಅದರ ಆಲ್ಕೋಹಾಲಿಗೆ ಅರಗು ಕರಗಿ ಬಣ್ಣ ಬಟ್ಟೆಗೆ ಹತ್ತುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಪುಸ್ತಕ, ಬೋರ್ಡ್ ಗೇಮಿನ ಪೆಟ್ಟಿಗೆ, ದೊಡ್ಡ ಚೆಂಡುಗಳಿಗೆ ಇದು ಒಗ್ಗದು. ಅವಕ್ಕೆ ಪಕ್ಕದಲ್ಲಿ ಒಂದು ತಗ್ಗು ಶೆಲ್ಫ್ ಬೇಕೇ ಬೇಕು. ಗೋಡೆ ಕೊರೆಯಲು ಮಾಲೀಕರು ಒಪ್ಪದ ಬಾಡಿಗೆ ಮನೆಗೂ ಇದು ಆಗದು. ಉಳಿದವರಿಗೆ ಒಂದು ಪ್ಯಾನೆಲ್, ಒಂಬತ್ತು ಬಿನ್ನಿನಿಂದ ಶುರು ಮಾಡಿದರೆ ಸಾಕು. ಬೇಕೆನಿಸಿದಾಗ ಪಕ್ಕದಲ್ಲೇ ಇನ್ನೊಂದು ಹೊಡೆಯಬಹುದು.